ಟವರ್ ಸತ್ತಾಗ ಸುದ್ದಿ ದಾಟಿಸುವುದು ಹೇಗೆ?

ಪ್ರಶ್ನೆ: ಜೋರು ಮಳೆಗೆ ಟವರ್ ನಿಂತರೆ ಪಕ್ಕದ ಊರಿಗೂ ಸುದ್ದಿ ಕಳಿಸಲಾಗುವುದಿಲ್ಲ. ಫೋನುಗಳೇ ನೇರ ಮಾತಾಡಿಕೊಳ್ಳಲಾರವೇ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಖಂಡಿತ ಆಗುತ್ತದೆ. ಇದೇ ಅಡ್‌ಹಾಕ್ ನೆಟ್‌ವರ್ಕ್. ಇಲ್ಲಿ ಪ್ರತಿ ಸಾಧನವೂ ಬೇರೆಯವರ ಸುದ್ದಿಯನ್ನು ದಾಟಿಸುತ್ತದೆ. ದಾರಿ ಹುಡುಕುವ ಬಗೆ ನನಗೆ ಬಹಳ ಇಷ್ಟ. 2003ರಲ್ಲಿ ಪ್ರಕಟವಾದ ಎಒಡಿವಿ ಎಂಬ ವಿಧಾನದಲ್ಲಿ, ನಿಮ್ಮ ಸಾಧನ ‘ಇಂಥವರ ದಾರಿ ಗೊತ್ತಾ?’ ಎಂದು ಅಕ್ಕಪಕ್ಕ ಕೇಳುತ್ತದೆ. ಗೊತ್ತಿಲ್ಲದವು ಅದೇ ಪ್ರಶ್ನೆಯನ್ನು ಮುಂದಕ್ಕೆ ಕಳಿಸುತ್ತವೆ. ಉತ್ತರ ಅದೇ ದಾರಿ ಹಿಡಿದು ವಾಪಸ್ ಬರುತ್ತದೆ. ಇಡೀ ನಕ್ಷೆ ಯಾರಿಗೂ ಬೇಡ, ಮುಂದಿನ ಕೊಂಡಿ ಯಾವುದು ಅಂತ ನೆನಪಿದ್ದರೆ ಸಾಕು. ನಡುವಿನ ಸಾಧನ ದೂರ ಹೋದರೆ ಮತ್ತೆ ಹುಡುಕಾಟ.

2012ರಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕಿಗೆ ಬಡಿದಾಗ, ರೆಡ್ ಹುಕ್ ಬಡಾವಣೆಯವರಿಗೆ ಅಲ್ಲಿನ ಸಮುದಾಯವೇ ಕಟ್ಟಿದ್ದ ಇಂಥದ್ದೇ ವೈಫೈ ಜಾಲ ನೆರವಾಯಿತು.

ಆದರೆ ಫೋನುಗಳು ನೇರ ಮಾತಾಡಲು ಬಳಸುವ ಬ್ಲೂಟೂತ್ ಕೆಲವು ಹತ್ತು ಮೀಟರಿನಾಚೆ ಹೋಗುವುದು ಕಷ್ಟ. ನಿಮ್ಮಲ್ಲಿ ಮನೆಗಳ ನಡುವೆ ತೋಟ, ಗುಡ್ಡ ಜಾಸ್ತಿ ಅಲ್ವಾ? ಅಲ್ಲಿಗೆ ಲೋರಾ, ಅಂದರೆ ಕಡಿಮೆ ವಿದ್ಯುತ್ತಿನಲ್ಲೇ ದೂರ ತಲುಪುವ ಪುಟ್ಟ ರೇಡಿಯೊ ವಾಸಿ. ಅದು ಭಾರತದಲ್ಲಿ ಬಳಸುವ 865ರಿಂದ 868 ಮೆಗಾಹರ್ಟ್ಸ್ ತರಂಗಾಂತರಕ್ಕೆ, ಕಡಿಮೆ ಶಕ್ತಿಯ ಸಾಧನವಾದರೆ ಲೈಸೆನ್ಸ್ ಬೇಡ. ಚಿಕ್ಕ ಸಂದೇಶ ಮಾತ್ರ ಹೋಗುತ್ತದೆ, ಕರೆ ಆಗದು. ಗುಡ್ಡದ ತುದಿಯಲ್ಲೊಂದು ಇಟ್ಟರೆ ಕಿಲೋಮೀಟರುಗಟ್ಟಲೆ ತಲುಪುತ್ತದೆ. ಮಳೆಗಾಲಕ್ಕೆ ಮೊದಲೇ ನಾಲ್ಕು ಮನೆಯವರು ಸೇರಿ ಹಾಕಿಸಿ, ಪರೀಕ್ಷಿಸಿ ನೋಡಿ.