ನದಿ ದಂಡೆಯ ಹಳೇ ಊರಲ್ಲಿ ಮನೆ ಎಲ್ಲಿ ಮಾಡೋಣ?

ಪ್ರಶ್ನೆ: ನದಿ ದಂಡೆಯ ಹಳೇ ನಗರವೊಂದಕ್ಕೆ ವರ್ಗವಾಗಿದೆ. ಯಜಮಾನರಿಗೆ ಊರ ನಡುವೆ, ನೀರು ಕಾಣುವ ಹಳೇ ಮನೆಯೇ ಬೇಕಂತೆ. ನನಗೆ ಊರಾಚೆಯ ಹಳ್ಳಿ ಇಷ್ಟ. ಯಾವುದು ವಾಸಿ?

ಉತ್ತರ: ಊರೋ ಹಳ್ಳಿಯೋ ಅನ್ನೋದು ಆಮೇಲಿನ ಮಾತು. ಮೊದಲು ಮನೆ ಎಷ್ಟು ಎತ್ತರದಲ್ಲಿದೆ ನೋಡಿ. ಇಂಥ ಊರುಗಳಲ್ಲಿ ನೆರೆ ನೀರು ಎಲ್ಲಿವರೆಗೆ ಏರಿತ್ತು ಅಂತ ಗೋಡೆ ಮೇಲೆ ಗೆರೆ ಎಳೆದು ವರ್ಷ ಬರೆದಿಟ್ಟಿರುತ್ತಾರೆ. ಜರ್ಮನಿಯ ಪಾಸಾವ್‌ನಲ್ಲಿ ಹಳೇ ಪುರಭವನದ ಗೋಪುರದ ಮೇಲೆ ಶತಮಾನಗಳ ಗೆರೆಗಳಿವೆ, 2013ರದ್ದೂ ಇದೆ. ಇಟಲಿಯ ಫ್ಲಾರೆನ್ಸ್‌ನಲ್ಲಿ 1966ರ ನವೆಂಬರ್ 4ರ ಗುರುತು ಬೀದಿ ಬೀದಿಯಲ್ಲೂ ಸಿಗುತ್ತದೆ. ಬ್ರೋಕರ್ ಇದನ್ನೆಲ್ಲ ತೋರಿಸುವುದಿಲ್ಲ, ನೀವೇ ಹುಡುಕಬೇಕು. ಇನ್ನು 'ನೂರು ವರ್ಷಕ್ಕೊಮ್ಮೆ ಬರೋ ನೆರೆ, ಯಾಕೆ ಚಿಂತೆ' ಅಂತ ಯಾರಾದರೂ ಅಂದರೆ ಸುಮ್ನೆ ತಲೆಯಾಡಿಸಿ ಬನ್ನಿ. ಅಂಥ ನೆರೆ ಬರುವ ಸಾಧ್ಯತೆ ಪ್ರತಿ ವರ್ಷವೂ ಶೇ. 1; 30 ವರ್ಷ ಅಲ್ಲೇ ಇದ್ದರೆ ಒಮ್ಮೆಯಾದರೂ ನೋಡುವ ಸಾಧ್ಯತೆ ಶೇ. 26. ಅದೇನು ಕಡಿಮೆ ಅಲ್ವಾ?

ಯಜಮಾನರು ಕೇಳುವಂಥ ಹಳೇ ಮನೆ ನೋಡಲು ಹೋದಾಗ ಬೀರು ಸರಿಸಿ ಹಿಂದಿನ ಗೋಡೆ ಮುಟ್ಟಿ ನೋಡಿ. ಹಳೇ ಗೋಡೆಗಳು ಸುಣ್ಣದ ಗಾರೆಯವು, ತೇವ ಹೀರಿಕೊಂಡು ಮೆಲ್ಲಗೆ ಹೊರಗೆ ಬಿಡುತ್ತವೆ. ಅದರ ಮೇಲೆ ಯಾರೋ ಸಿಮೆಂಟ್ ಬಳಿದಿದ್ದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಮೊಣಕಾಲೆತ್ತರದವರೆಗೆ ಬಣ್ಣ ಹಪ್ಪಳದ ಹಾಗೆ ಉಬ್ಬಿ, ಬಿಳಿ ಉಪ್ಪು ಉದುರುತ್ತಿದ್ದರೆ ಕಾರಣ ಇದೇ ಇರಬಹುದು. ಹೊಸದಾಗಿ ಬಣ್ಣ ಹೊಡೆದ ಮನೆ ಮೇಲೆ ಜಾಸ್ತಿ ಅನುಮಾನ ಇರಲಿ.

ಹಳ್ಳಿ ಅಂದ ಮಾತ್ರಕ್ಕೆ ಕ್ಷೇಮ ಅಂದುಕೊಳ್ಳಬೇಡಿ. ನಗರ ಮುಳುಗದಿರಲಿ ಅಂತ ನದಿ ಹರಿದು ಬರುವ ಕಡೆಯ ಬಯಲಿಗೆ ಬೇಕಂತಲೇ ನೀರು ಬಿಡುವುದುಂಟು; ಇಂಗ್ಲೆಂಡಿನ ಯಾರ್ಕ್ ಊರಿಗೆ ಕ್ಲಿಫ್ಟನ್ ಇಂಗ್ಸ್ ಅನ್ನುವ ಹುಲ್ಲುಗಾವಲು ಮಾಡುವ ಕೆಲಸ ಅದೇ. ಹಿಂದಿನವರು ದಿಬ್ಬ ನೋಡಿ ಮನೆ ಕಟ್ಟುತ್ತಿದ್ದರು, ಹೊಸ ಬಡಾವಣೆಗಳು ಹೆಚ್ಚಾಗಿ ತಗ್ಗಿಗೇ ಇಳಿಯುತ್ತವೆ. ಮನೆ ಒಣಗಿದ್ದು ರಸ್ತೆ ಮುಳುಗಿದರೂ ಕಷ್ಟವೇ. ಶಾಲೆ, ಆಫೀಸು ಯಾವ ದಡದಲ್ಲಿವೆ ಅನ್ನೋದನ್ನೂ ನೋಡಿಕೊಳ್ಳಿ. ಹಳೇ ಸೇತುವೆಗಳಲ್ಲಿ ಎಷ್ಟೋ ಕಡೆ ಕಾರು ಬಿಡುವುದಿಲ್ಲ. ಜರ್ಮನಿಯ ರೆಗೆನ್ಸ್‌ಬರ್ಗ್ ಊರಿನ 12ನೇ ಶತಮಾನದ ಕಲ್ಲು ಸೇತುವೆ ಈಗ ನಡೆಯುವವರಿಗೆ, ಸೈಕಲ್ಲಿನವರಿಗೆ ಮಾತ್ರ.

ನನ್ನನ್ನು ಕೇಳಿದರೆ ಊರೊಳಗೇ ಇರಿ, ಆದರೆ ನದಿಯಿಂದ ನಾಲ್ಕು ಬೀದಿ ಹಿಂದೆ, ಏರಿನಲ್ಲಿ, ಮೊದಲ ಮಹಡಿಯಲ್ಲಿ. ಮೊದಲ ವರ್ಷ ಬಾಡಿಗೆಗೇ ಇರಿ, ಒಂದು ಮಳೆಗಾಲ ಕಳೆಯಲಿ. ಅಡ್ವಾನ್ಸ್ ಕೊಡುವ ಮುಂಚೆ ಕರೆಂಟ್ ಮೀಟರ್ ಎಲ್ಲಿದೆ ಅಂತ ಕೇಳಿ. ನೆಲಮಾಳಿಗೆಯಲ್ಲಿದೆ ಅಂದರೆ ಬೇರೆ ಮನೆ ನೋಡಿ.