ಪೊಲೀಸ್ ಫೋಟೋ ನೋಡಿ ಬರೆದ ಮುಖ ಸಪ್ಪೆ ಬಂದರೆ

ಸಿಕ್ಕಿಬಿದ್ದವರ ಹಳೆಯ ಪೊಲೀಸ್ ಫೋಟೋ ನೋಡಿ ಚಾರ್ಕೋಲ್‌ನಲ್ಲಿ (ಇದ್ದಿಲಿನಲ್ಲಿ) ಬರೆದ ಮುಖಗಳು ಪಾಸ್‌ಪೋರ್ಟ್ ಫೋಟೋ ಥರ ಸಪ್ಪೆಯಾಗುತ್ತಿವೆ ಎಂದು ಕೇಳಿದ್ದೀರಿ. ಕಾರಣ ನಿಮ್ಮ ಕೈ ಅಲ್ಲ, ಆರಿಸಿದ ಫೋಟೋ ಅನಿಸುತ್ತದೆ. ಪ್ಯಾರಿಸ್ ಪೊಲೀಸರ ಆಲ್ಫೋನ್ಸ್ ಬರ್ಟಿಲಾನ್ 1880ರ ದಶಕದಲ್ಲಿ ರೂಢಿಗೆ ತಂದ ಎದುರು-ಪಕ್ಕದ ಜೋಡಿ ಫೋಟೋ ಇರುವುದೇ ಗುರುತು ಹಿಡಿಯಲು. ಬೆಳಕು, ಕೋನ ಎಲ್ಲಾ ಒಂದೇ.

ಮೊದಲು ಸಿಡ್ನಿ ಪೊಲೀಸರು 1920ರ ದಶಕದಲ್ಲಿ ತೆಗೆದ ಫೋಟೋಗಳನ್ನು ಹುಡುಕಿ. ಅಲ್ಲಿ ಜನ ತಮಗೆ ತೋಚಿದ ಹಾಗೆ ನಿಂತಂತಿದೆ. ಟೋಪಿ ಓರೆ, ಕೈ ಜೇಬಿನಲ್ಲಿ. ಒಂದನ್ನು ಆರಿಸಿ, ಕಣ್ಣು ಅರೆಮುಚ್ಚಿ ನೋಡಿ. ಗೆರೆ ಎಳೆಯಬೇಡಿ. ಇಡೀ ಹಾಳೆಗೆ ಚಾರ್ಕೋಲ್ ಪುಡಿ ಸವರಿ, ಬೆಳಕು ಬಿದ್ದ ಕಡೆ ಮಾತ್ರ ಮೆತ್ತನೆ ರಬ್ಬರಿನಿಂದ ಒತ್ತಿ ತೆಗೆಯಿರಿ.

ಆಮೇಲೆ ಫೋಟೋದ ಅರ್ಧ ಮುಖವನ್ನು ಕೈಯಿಂದ ಮುಚ್ಚಿ, ಒಂದೊಂದೇ ಕಣ್ಣು ನೋಡಿ. ಒಂದು ದಣಿದಿರುತ್ತದೆ, ಇನ್ನೊಂದು ದಿಟ್ಟಿಸುತ್ತಿರುತ್ತದೆ. ಆ ವ್ಯತ್ಯಾಸವನ್ನು ಸರಿಮಾಡಬೇಡಿ, ಸ್ವಲ್ಪ ಜಾಸ್ತಿಯೇ ಮಾಡಿ. ಜೀವ ಇರುವುದು ಅಲ್ಲೇ. ‘ಕಳ್ಳನ ಮುಖ’ ಬರೆಯಲು ಮಾತ್ರ ಹೋಗಬೇಡಿ. ಸಿಕ್ಕಿಬಿದ್ದ ದಿನ ಅವರೂ ಹೆದರಿದ ಮನುಷ್ಯರೇ ಅಲ್ವಾ?

ಹಾಳೆ ತೀರಾ ನುಣುಪಾಗಿದ್ದರೂ ಮುಖ ಸಪ್ಪೆಯಾಗಬಹುದು. ನಿಮ್ಮ ಹಾಳೆ ಯಾವುದೆಂದು ನೀವು ಬರೆದಿಲ್ಲ. ತರಿತರಿ ಹಾಳೆಯಲ್ಲಿ ಒಮ್ಮೆ ಮಾಡಿ ನೋಡಿ.