ಓದುಗರ ಪ್ರಶ್ನೆ: ಅಲ್ಯೂಷಿಯನ್ ದ್ವೀಪಗಳ ಕೆಸರು, ಮಂಜು ಮತ್ತು ಯುದ್ಧ

ಅಲಾಸ್ಕಾದಿಂದ ರಷ್ಯಾದ ಕಡೆಗೆ ಸಾಲಾಗಿ ಚಾಚಿಕೊಂಡ ಅಲ್ಯೂಷಿಯನ್ ದ್ವೀಪಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. 1942ರ ಜೂನ್‌ನಲ್ಲಿ ಜಪಾನಿ ಪಡೆ ಅಲ್ಲಿನ ಕಿಸ್ಕಾ, ಅಟ್ಟು ದ್ವೀಪಗಳನ್ನು ಹಿಡಿಯಿತು. 1943ರ ಮೇ ತಿಂಗಳಲ್ಲಿ ಅಮೆರಿಕದವರು ಅಟ್ಟುವನ್ನು ಕಾದಾಡಿ ಮರಳಿ ಪಡೆದರು. ಬಂದ ಪತ್ರಗಳಲ್ಲಿ ಬಂದೂಕಿನ ಬಗ್ಗೆ ಕೇಳಿದವರು ಕಡಿಮೆ, ಕೆಸರಿನ ಬಗ್ಗೆ ಕೇಳಿದವರೇ ಹೆಚ್ಚು. ನೆಲ್ಲಿನ ಸೀಮೆಯ ಓದುಗರಲ್ಲವೇ!

ಪ್ರಶ್ನೆ: ಅಟ್ಟುವಿನಲ್ಲಿ ಸೈನಿಕರ ಕಾಲು ಕೊಳೆತವು ಅಂತ ಬರೆದಿದ್ದೀರಿ. ನಮ್ಮಲ್ಲಿ ನಾಟಿ ಆಳುಗಳು ದಿನವಿಡೀ ಗದ್ದೆ ನೀರಲ್ಲೇ ನಿಲ್ಲುತ್ತಾರೆ, ಅವರಿಗೇಕೆ ಹಾಗಾಗುವುದಿಲ್ಲ? (ಸಿಂಧನೂರು)

ಉತ್ತರ: ನಾಟಿಯವರ ಬೆರಳ ಸಂದಿಗೆ ಬರುವ ಕೆಸರುಹುಣ್ಣೇ ಬೇರೆ, ಅಟ್ಟುವಿನ ಸೈನಿಕರಿಗೆ ಬಂದ ಈ ಕಾಲುಬೇನೆಯೇ ಬೇರೆ. ಇದಕ್ಕೆ ಒದ್ದೆಯ ಜತೆ ಚಳಿಯೂ ಬೇಕು. ಹಿಮಗಟ್ಟುವಷ್ಟು ಚಳಿ ಬೇಕಿಲ್ಲ. ಐದಾರು ಡಿಗ್ರಿಯಲ್ಲಿ ಒದ್ದೆ ಬೂಟು ತೊಟ್ಟು ಅಲುಗಾಡದೆ ಕೂತರೆ ಸಾಕು. ದೇಹ ತನ್ನ ಕಾವು ಉಳಿಸಿಕೊಳ್ಳಲು ಪಾದದ ರಕ್ತನಾಳಗಳನ್ನು ಬಿಗಿಯುತ್ತದೆ, ಬಿಗಿದು ಕಟ್ಟಿದ ಲೇಸು ಉಳಿದದ್ದನ್ನು ಮಾಡುತ್ತದೆ. ಮೊದಲು ಪಾದ ಬಿಳಿಚಿ ಜೋಮು ಹಿಡಿಯುತ್ತದೆ. ನೋವಿಲ್ಲದ್ದರಿಂದ ಸೈನಿಕ ಸುಮ್ಮನಿರುತ್ತಾನೆ, ಕೆಡುವುದು ಇಲ್ಲಿಯೇ. ಬೆಚ್ಚಗಾದ ಮೇಲೆ ಕೆಂಪಗೆ ಊದಿ ಬೊಬ್ಬೆ ಏಳುತ್ತವೆ, ವಿಪರೀತಕ್ಕೆ ಹೋದರೆ ಬೆರಳು ಕಪ್ಪಾಗಿ ಕತ್ತರಿಸಬೇಕಾಗುತ್ತದೆ.

ಅಟ್ಟುವಿಗೆ ಇಳಿದ ಅಮೆರಿಕದ ಸೇನಾ ಡಿವಿಜನ್ (ದೊಡ್ಡ ಪಡೆ) ಮರುಭೂಮಿಯ ಯುದ್ಧಕ್ಕೆಂದು ತಯಾರಾದದ್ದು. ಕಾಲಿಗೆ ನೀರು ಹೀರುವ ಚರ್ಮದ ಬೂಟು. ತೋಡಿದ ಗುಂಡಿಯಲ್ಲೆಲ್ಲ ನೀರು. ಅಮೆರಿಕದವರಲ್ಲಿ 549 ಮಂದಿ ಸತ್ತರು, 1,148 ಮಂದಿ ಗಾಯಗೊಂಡರು. ಚಳಿಯಿಂದ ಕೈಕಾಲು ಕೆಟ್ಟವರು ಸುಮಾರು 1,200. ಗುಂಡು ತಾಗಿ ಗಾಯಗೊಂಡವರಿಗಿಂತ ಚಳಿ ತಾಗಿದವರೇ ಒಂದು ಕೈ ಹೆಚ್ಚು.

ತಡೆಯುವ ಉಪಾಯ ಸರಳ. ಇನ್ನೊಂದು ಜೊತೆ ಕಾಲುಚೀಲವನ್ನು ಅಂಗಿಯೊಳಗೆ ಹೊಟ್ಟೆಗೆ ತಾಗಿಸಿಟ್ಟು ಒಣಗಿಸಿಕೊಂಡು, ದಿನಕ್ಕೊಮ್ಮೆಯಾದರೂ ಪಾದ ಒರೆಸಿ ಬದಲಾಯಿಸಬೇಕು. ಲೇಸು ಸಡಿಲವಿರಬೇಕು. ಜೋಮು ಹಿಡಿದ ಕಾಲನ್ನು ಬೆಂಕಿಗೆ ಒಡ್ಡಬಾರದು, ಸುಟ್ಟರೂ ಗೊತ್ತಾಗುವುದಿಲ್ಲ.

ಪ್ರಶ್ನೆ: ಅಂಥ ನೆಲದಲ್ಲಿ ವಿಮಾನ ಇಳಿಸಿದ್ದು ಹೇಗೆ? (ತೋರಣಗಲ್ಲಿನ ಉಕ್ಕಿನ ಕೆಲಸಗಾರರು)

ಉತ್ತರ: ತೂತು ಹೊಡೆದ ಉಕ್ಕಿನ ಹಲಗೆಗಳ ಮೇಲೆ. ಒಂದು ಹಲಗೆ 10 ಅಡಿ ಉದ್ದ, 15 ಇಂಚು ಅಗಲ, ತೂಕ ಸುಮಾರು 30 ಕಿಲೋ. ಇಬ್ಬರು ಆರಾಮವಾಗಿ ಎತ್ತಬಹುದು. ಒಂದು ಅಂಚಿಗೆ ಕೊಕ್ಕೆ, ಇನ್ನೊಂದಕ್ಕೆ ಸೀಳು. ಕೊಕ್ಕೆಯನ್ನು ಸೀಳಿಗೆ ತೂರಿಸಿ ಪಕ್ಕಕ್ಕೆ ಸರಿಸಿದರೆ ಬಿಗಿಯುತ್ತದೆ. ರನ್‌ವೇಗೆ ಅಡ್ಡಲಾಗಿ, ಇಟ್ಟಿಗೆ ಗೋಡೆಯಂತೆ ಸಂದಿಗೆ ಸಂದಿ ಕೂಡದಂತೆ ಜೋಡಿಸುತ್ತಾರೆ. 5,000 ಅಡಿ ಉದ್ದ, 150 ಅಡಿ ಅಗಲಕ್ಕೆ ಲೆಕ್ಕ ಹಾಕಿ: 60,000 ಹಲಗೆ, 1,800 ಟನ್ ಉಕ್ಕು, ಎಲ್ಲವೂ ಹಡಗಿನಲ್ಲೇ ಬರಬೇಕು.

ಆದರೆ ಉಕ್ಕು ಹಾಸಿದರೆ ಕೆಸರು ಗಟ್ಟಿಯಾಗುವುದಿಲ್ಲ. ಅಲ್ಲಿಯ ನೆಲದ ಮೇಲೆ ಹುಲ್ಲಿನ ತೆಳ್ಳನೆ ಹೊದಿಕೆ, ಕೆಳಗೆ ನೀರು ಕುಡಿದು ಮೆತ್ತಗಾದ ಕೊಳೆತ ಹುಲ್ಲು. ಹೊದಿಕೆ ಹರಿದರೆ ಗಾಲಿ ಹೂತೇ ಹೋಯಿತು, ಕೇಜ್‌ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಪಂಜರಗಾಲಿ) ಇಲ್ಲದ ಟ್ರ್ಯಾಕ್ಟರ್ ಕೆಸರುಗದ್ದೆಗೆ ಇಳಿದಂತೆ. ಇದರ ಮೇಲೆ ಹಲಗೆ ಹಾಸಿದರೆ ವಿಮಾನ ಇಳಿದಾಗೆಲ್ಲ ಹಾಸು ಅಲೆಯಂತೆ ಏಳುತ್ತದೆ, ತೂತುಗಳಿಂದ ರಾಡಿ ಚಿಮ್ಮುತ್ತದೆ. ಅದಕ್ಕೇ ಇದೇ ಸಾಲಿನ ಅಡಾಕ್ ದ್ವೀಪದಲ್ಲಿ ಅಮೆರಿಕದ ಎಂಜಿನಿಯರ್‌ಗಳು ಮೊದಲು ನೆಲ ಹುಡುಕಿದರು. ಉಬ್ಬರದ ನೀರು ಬಂದು ಹೋಗುವ ಹಿನ್ನೀರಿಗೆ ಒಡ್ಡು ಕಟ್ಟಿ ಬಸಿದರೆ ತಳದಲ್ಲಿ ಗಟ್ಟಿ ಮರಳು ಸಿಕ್ಕಿತು. 1942ರ ಆಗಸ್ಟ್ 30ಕ್ಕೆ ಸೇನೆ ದ್ವೀಪಕ್ಕೆ ಇಳಿಯಿತು. ಸೆಪ್ಟೆಂಬರ್ 14ಕ್ಕೆ ಅಲ್ಲಿಂದ ಹಾರಿದ ವಿಮಾನಗಳು ಕಿಸ್ಕಾ ಮೇಲೆ ಬಾಂಬ್ ಹಾಕಿದವು. ನನ್ನ ಮಟ್ಟಿಗೆ ಇಡೀ ಯುದ್ಧದಲ್ಲಿ ಜಾಣ ಕೆಲಸ ಇದೇ.

ನೆಲ ಗುರುತಿಸದೆ ಕೆಟ್ಟವರೂ ಇದ್ದಾರೆ. 1942ರ ಜೂನ್‌ನಲ್ಲಿ ಜಪಾನಿ ಪೈಲಟ್ ತದಯೋಶಿ ಕೋಗಾ, ಎಂಜಿನ್ ಎಣ್ಣೆ ಸೋರುತ್ತಿದ್ದ ಝೀರೋ ಎಂಬ ಯುದ್ಧವಿಮಾನವನ್ನು ಅಕುಟಾನ್ ದ್ವೀಪದ ಹಸಿರು ಬಯಲಿಗೆ ಇಳಿಸಲು ಹೋದ. ಬಯಲು ಜವುಗು, ಗಾಲಿ ಸಿಕ್ಕಿ ವಿಮಾನ ಮಗುಚಿತು, ಆತ ಸತ್ತ. ಹೆಚ್ಚು ಕೆಡದ ಆ ವಿಮಾನವನ್ನು ಅಮೆರಿಕದವರು ಸ್ಯಾನ್ ಡಿಯಾಗೋಗೆ ಸಾಗಿಸಿ, ರಿಪೇರಿ ಮಾಡಿ, ಹಾರಿಸಿಯೇ ನೋಡಿದರು. ಥಟ್ಟನೆ ಮೂತಿ ಕೆಳಗೆ ತಳ್ಳಿದರೆ ಅದರ ಎಂಜಿನ್ ತಡವರಿಸುತ್ತದೆ ಎಂಬ ಗುಟ್ಟು ಹೊರಬಿತ್ತು.

ಪ್ರಶ್ನೆ: ಕಿಸ್ಕಾದಿಂದ ಐದು ಸಾವಿರ ಜಪಾನಿ ಸೈನಿಕರು ಅಮೆರಿಕದವರಿಗೆ ಕಾಣದಂತೆ ಜಾರಿದ್ದು ನಂಬುವ ಮಾತೇ? (ಕೊಪ್ಪಳ)

ಉತ್ತರ: ನಂಬಲೇಬೇಕು. ದಕ್ಷಿಣದ ಬೆಚ್ಚನೆ ತೇವದ ಗಾಳಿ ತಣ್ಣನೆ ಕಡಲ ಮೇಲೆ ಹಾದು ಬೇಸಿಗೆಯಲ್ಲೇ ಅಲ್ಲಿ ದಟ್ಟ ಮಂಜು ಕವಿಯುತ್ತದೆ. ಅವರನ್ನು ಕರೆದೊಯ್ಯಲು ಬಂದ ಜಪಾನಿ ನೌಕಾಪಡೆಯ ಅಡ್ಮಿರಲ್ ಕಿಮುರಾ ಅದಕ್ಕೇ ಕಾದ. ಮೊದಲ ಸಲ ಮಂಜು ಸಾಲದೆ ಹಡಗು ತಿರುಗಿಸಿಕೊಂಡು ಹೋದ. 1943ರ ಜುಲೈ 28ರಂದು ಸುಮಾರು 55 ನಿಮಿಷದಲ್ಲಿ 5,183 ಮಂದಿಯನ್ನು ಹತ್ತಿಸಿಕೊಂಡ. ಭಾರ ಕಡಿಮೆಯಾಗಲೆಂದು ಬಂದೂಕನ್ನೂ ಕಡಲಿಗೆ ಎಸೆಸಿದರು. ಅದಕ್ಕೆ ಎರಡೇ ದಿನ ಮೊದಲು ಅಮೆರಿಕದ ಹಡಗುಗಳು ರೇಡಾರ್‌ನಲ್ಲಿ ಕಂಡ ಹುಸಿ ಚುಕ್ಕೆಗಳ ಮೇಲೆ ಸಾವಿರದಷ್ಟು ಗುಂಡು ಸುರಿದು, ಇಂಧನ ತುಂಬಿಕೊಳ್ಳಲು ಸರಿದಿದ್ದವು. ಆಗಸ್ಟ್ 15ಕ್ಕೆ 34,000ಕ್ಕೂ ಹೆಚ್ಚು ಅಮೆರಿಕ, ಕೆನಡಾ ಸೈನಿಕರು ಬರಿದಾದ ದ್ವೀಪಕ್ಕೆ ಇಳಿದರು. ಅಲ್ಲಿಯೂ ಮಂಜು, ತಮ್ಮವರನ್ನೇ ಶತ್ರುವೆಂದು ತಿಳಿದು ಗುಂಡು ಹಾರಿಸಿಕೊಂಡರು. ಅಬ್ನರ್ ರೀಡ್ ಎಂಬ ಅಮೆರಿಕದ ಹಡಗು ಕಡಲಲ್ಲಿ ಇಟ್ಟಿದ್ದ ಸಿಡಿಗುಂಡಿಗೆ (ಮೈನ್) ತಾಗಿ ಹಿಂಭಾಗವೇ ಕಳಚಿ ಸುಮಾರು 70 ಮಂದಿ ಸತ್ತರು.

ಪ್ರಶ್ನೆ: ಅಟ್ಟುವಿನ ಮೂಲ ಜನ ಈಗ ಅಲ್ಲಿದ್ದಾರೆಯೇ? (ರಾಯಚೂರು)

ಉತ್ತರ: ಇಲ್ಲ. ಊರಿನ ಸುಮಾರು 40 ಮಂದಿಯನ್ನು ಜಪಾನಿನ ಒತಾರು ಪಟ್ಟಣಕ್ಕೆ ಒಯ್ದರು. ಹೆಚ್ಚುಕಡಿಮೆ ಅರ್ಧದಷ್ಟು ಜನ ಅಲ್ಲೇ ತೀರಿಕೊಂಡರು. ಯುದ್ಧ ಮುಗಿದ ಮೇಲೆ ಉಳಿದವರನ್ನು ಅಮೆರಿಕ ಸರ್ಕಾರ ಅಟ್ಟುವಿಗೆ ಮರಳಿಸಲಿಲ್ಲ. ಹಲವರು ಅಟ್ಕಾ ದ್ವೀಪದಲ್ಲಿ ನೆಲೆಸಿದರು. 2010ರಲ್ಲಿ ಕರಾವಳಿ ಕಾವಲು ಪಡೆಯ ಠಾಣೆಯೂ ಮುಚ್ಚಿತು. ಈಗ ಅಟ್ಟುವಿನಲ್ಲಿ ಯಾರೂ ವಾಸವಿಲ್ಲ.